ಎರಿ ನೆಲದ ರಸ್ತೆಗೆ ಎಷ್ಟು ವರ್ಷದ ಆಯುಷ್ಯ?

ಗದಗ ತಾಲ್ಲೂಕಿನ ಅಂತೂರ, ಬೆಂತೂರ ಎರಡು ಊರುಗಳಾದರೂ ಸುತ್ತಲಿನ ಜನ ಹೇಳುವುದು ಒಂದೇ ಉಸಿರಿಗೆ, ಅಂತೂರ ಬೆಂತೂರ ಎಂದು. ಸುತ್ತ ಎರಿಹೊಲ. ಮುಂಗಾರಿಗೆ ಹೆಸರು, ಹತ್ತಿ, ಮೆಣಸಿನಕಾಯಿ, ಉಳ್ಳಾಗಡ್ಡಿ. ಹಿಂಗಾರಿಗೆ ಕಡಲೆ, ಬಿಳಿಜೋಳ. ಏಪ್ರಿಲ್ ತಿಂಗಳ ಬಿಸಿಲಲ್ಲಿ ಇಂಥ ಹೊಲಗಳ ನಡುವೆ ಹಾದ ಡಾಂಬರು ರಸ್ತೆಯ ಅಂಚಿಗೆ ನಿಂತು ನೋಡಬೇಕು. ಹೊಲ ಬಾಯಿಬಿಟ್ಟಿರುತ್ತದೆ. ಬಿರುಕಿನೊಳಗೆ ಬಾರುಕೋಲು ಇಳಿಸಿದರೆ ಗೇಣುಗಟ್ಟಲೆ ಒಳಗೆ ಹೋಗುತ್ತದೆ. ಅದೇ ಬಿರುಕು ರಸ್ತೆಯ ಮೈಮೇಲೂ ಬಂದಿರುತ್ತದೆ: ಅಂಚಿನಿಂದ ಒಂದೆರಡು ಅಡಿ ಒಳಗೆ, ರಸ್ತೆಯುದ್ದಕ್ಕೂ, ಯಾರೋ ಗೆರೆ ಎಳೆದು ಹೋದಂತೆ. ಅಗಲ ಒಂದು ಬೆರಳಿನಷ್ಟು. ಅದನ್ನು ಯಾರೂ ತಗ್ಗು ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದರ ಬಗ್ಗೆ ಯಾರೂ ಅರ್ಜಿ ಬರೆಯುವುದಿಲ್ಲ. ಬೈಕು, ಟಂಟಂ, ಟ್ರ್ಯಾಕ್ಟರು ಎಲ್ಲವೂ ಅದರ ಮೇಲೆ ಸಲೀಸಾಗಿ ಸಾಗುತ್ತವೆ.

ರಸ್ತೆ ಕೆಡಲು ಶುರುವಾಗುವುದು ಆ ಗೆರೆಯಿಂದಲೇ. ರಸ್ತೆಯ ನಡುಭಾಗದ ಕೆಳಗಿನ ಮಣ್ಣಿಗೆ ಡಾಂಬರಿನ ಹೊದಿಕೆ ಇರುವುದರಿಂದ ಅದು ಬೇಸಿಗೆಯಲ್ಲೂ ಸ್ವಲ್ಪ ತೇವ ಹಿಡಿದುಕೊಂಡಿರುತ್ತದೆ. ಬದಿಯ ಮಣ್ಣು ಬಿಸಿಲಿಗೆ ಒಣಗಿ ಕುಗ್ಗುತ್ತದೆ. ಒಂದು ಕಡೆ ನಿಂತ ನೆಲ, ಇನ್ನೊಂದು ಕಡೆ ಜಗ್ಗುವ ನೆಲ. ನಡುವೆ ರಸ್ತೆ ಹರಿಯುತ್ತದೆ. ರೋಹಿಣಿ, ಮೃಗಶಿರಾ ಮಳೆ ಬಿದ್ದಾಗ ನೀರು ಆ ಬಿರುಕಿನಿಂದ ನೇರವಾಗಿ ತಳದ ಎರಿಮಣ್ಣಿಗೆ ಇಳಿಯುತ್ತದೆ. ಕಲ್ಲಿನಂತಿದ್ದ ಮಣ್ಣು ಉಬ್ಬಿ, ಮೆತ್ತಗಾಗಿ, ಮೇಲಿನ ಭಾರಕ್ಕೆ ಕುಸಿಯುತ್ತದೆ. ಅಂಚು ಮುರಿಯುತ್ತದೆ, ಮುರಿದಲ್ಲಿ ನೀರು ನಿಲ್ಲುತ್ತದೆ, ನೀರು ನಿಂತಲ್ಲಿ ಖಡಿ ಕಿತ್ತುಬರುತ್ತದೆ. ದೀಪಾವಳಿಯ ಹೊತ್ತಿಗೆ ತಗ್ಗಿಗೆ ಒಂದು ಬುಟ್ಟಿ ಗರಸು ಬೀಳುತ್ತದೆ. ಮೂರು ನಾಲ್ಕು ವರ್ಷಕ್ಕೆ ಹೊಸ ಟೆಂಡರು, ಹೊಸ ಭೂಮಿಪೂಜೆ.

ರಸ್ತೆಗೆ ಪ್ಲಾಸ್ಟಿಕ್ ಬೆರೆಸಬೇಕೆ, ಉಕ್ಕಿನ ಕಿಟ್ಟ ಬಳಸಬೇಕೆ, ಡಾಂಬರಿನ ಬದಲು ಸಸ್ಯಮೂಲದ ಅಂಟು ಬರಬೇಕೆ ಎಂಬ ಚರ್ಚೆ ಈಗ ಎಲ್ಲೆಡೆ ನಡೆದಿದೆ. ಅವೆಲ್ಲ ಬೇಕಾದ ಪ್ರಯೋಗಗಳೇ. ಆದರೆ ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯಲ್ಲಿ ಅವುಗಳಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಹಾಕಿದ ರಸ್ತೆ ಎಷ್ಟು ವರ್ಷ ಬಾಳಿತು? ಹದಿನೈದು ವರ್ಷದಲ್ಲಿ ನಾಲ್ಕು ಸಲ ಹಾಕಿದ ರಸ್ತೆಗೆ ಏನೇ ಬೆರೆಸಿದ್ದರೂ ಅದು ನಾಲ್ಕು ಪಟ್ಟು ಕಲ್ಲು, ನಾಲ್ಕು ಪಟ್ಟು ಡಾಂಬರು, ನಾಲ್ಕು ಪಟ್ಟು ಡೀಸೆಲ್ ನುಂಗಿದ ರಸ್ತೆ. ಅದನ್ನು ಪರಿಸರಸ್ನೇಹಿ ಎಂದು ಕರೆಯಲು ಬರುವುದಿಲ್ಲ.

ಎರಿಮಣ್ಣಿನ ಸ್ವಭಾವ ಹೊಸದಾಗಿ ಕಂಡುಹಿಡಿಯಬೇಕಾದದ್ದಲ್ಲ. ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜದ ಪದರಗಳ ನಡುವೆ ನೀರು ಹೊಕ್ಕರೆ ಮಣ್ಣು ಹಿಗ್ಗುತ್ತದೆ, ನೀರು ಹೋದರೆ ಕುಗ್ಗುತ್ತದೆ. ರಸ್ತೆಯ ತಳದ ಮಣ್ಣಿನ ಬಲ ಅಳೆಯಲು ಎಂಜಿನಿಯರರು ಮಾಡುವ ಸಿಬಿಆರ್ ಪರೀಕ್ಷೆಯಲ್ಲಿ ಮಣ್ಣನ್ನು ನಾಲ್ಕು ದಿನ ನೀರಲ್ಲಿ ನೆನೆಸಿ ಒತ್ತಿ ನೋಡುತ್ತಾರೆ. ಒಳ್ಳೆಯ ಖಡಿಗೆ ನೂರು ಅಂಕ ಎಂದಿಟ್ಟುಕೊಂಡರೆ ನೆನೆದ ಎರಿಮಣ್ಣಿಗೆ ಸಾಮಾನ್ಯವಾಗಿ ಸಿಗುವುದು ಎರಡರಿಂದ ನಾಲ್ಕು. ವಾಹನ ಸಂಚಾರ ಹೆಚ್ಚಿರುವ ರಸ್ತೆಗಳ ತಳಕ್ಕೆ ಕನಿಷ್ಠ ಐದಾದರೂ ಬೇಕು ಎಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ ಹೇಳುತ್ತದೆ. ಅದೇ ಮಾರ್ಗಸೂಚಿಯ 2018ರ ಆವೃತ್ತಿ ರಾಷ್ಟ್ರೀಯ, ರಾಜ್ಯ ಹೆದ್ದಾರಿಗಳನ್ನು ಮತ್ತು ನಗರ ರಸ್ತೆಗಳನ್ನು 20 ವರ್ಷದ ಬಾಳಿಕೆಗೆ, ಉಳಿದ ರಸ್ತೆಗಳನ್ನು 15 ವರ್ಷಕ್ಕೆ ಲೆಕ್ಕಹಾಕಿ ಕಟ್ಟಲು ಸೂಚಿಸುತ್ತದೆ. ಮೇಲಿನ ತೆಳು ಪದರವನ್ನು ಐದಾರು ವರ್ಷಕ್ಕೊಮ್ಮೆ ಹೊಸದು ಮಾಡಬೇಕಾದೀತು. ತಳ ಮಾತ್ರ ಅಷ್ಟೂ ವರ್ಷ ಅಲುಗದೆ ನಿಲ್ಲಬೇಕು.

ತಳ ನಿಲ್ಲಿಸುವ ದಾರಿಯನ್ನು ಈ ಸೀಮೆಯ ನೆರೆಹೊರೆಯೇ ಜಗತ್ತಿಗೆ ತೋರಿಸಿಕೊಟ್ಟಿದೆ. ಮಲಪ್ರಭಾ ಯೋಜನೆಯ ಕಾಲುವೆಗಳು ಎರಿ ನೆಲದಲ್ಲಿ ಹಾದುಹೋಗುವಲ್ಲಿ ಮಣ್ಣು ಉಬ್ಬಿ ಕಾಂಕ್ರೀಟ್ ಲೈನಿಂಗನ್ನೇ ಎತ್ತಿ ಒಡೆಯುವ ಪೀಡೆ ಇತ್ತು. ಐಐಟಿ ಬಾಂಬೆಯ ಪ್ರೊ. ಆರ್.ಕೆ. ಕಟ್ಟಿ 1970ರ ದಶಕದಲ್ಲಿ ಇಂಥ ಮಣ್ಣಿನ ಮೇಲೆ ದೀರ್ಘಕಾಲ ಪ್ರಯೋಗ ನಡೆಸಿದರು. ಎರಿಮಣ್ಣು ನೀರು ಕುಡಿದರೂ ಮೇಲಿನಿಂದ ಸುಮಾರು ಒಂದು ಮೀಟರ್ ಆಳದ ನಂತರ ಅಷ್ಟಾಗಿ ಉಬ್ಬುವುದಿಲ್ಲ ಎಂಬುದನ್ನು ಅವರು ಗಮನಿಸಿದರು. ಅಂಟು ಗುಣವಿರುವ, ಆದರೆ ನೀರಿಗೆ ಹಿಗ್ಗದ ಬೇರೆ ಮಣ್ಣನ್ನು ಮೇಲೆ ಪದರವಾಗಿ ಹಾಸಿ ದಮ್ಮಸ್ಸು ಮಾಡಿದರೆ ಕೆಳಗಿನ ಎರಿಮಣ್ಣು ಸುಮ್ಮನಿರುತ್ತದೆ ಎಂದು ತೋರಿಸಿದರು. ಮುಂದೆ ಉಬ್ಬುವ ಮಣ್ಣಿನಲ್ಲಿ ಕಾಲುವೆ ಕಟ್ಟುವ ಭಾರತೀಯ ಮಾನಕಕ್ಕೂ ಈ ಪದ್ಧತಿ ಸೇರಿತು. ರಸ್ತೆಗೂ ತತ್ವ ಅದೇ. ಶಿರಹಟ್ಟಿ, ಮುಂಡರಗಿ ಕಡೆಯ ಮಸಾರಿ ನೆಲದ ಗರಸಿನಲ್ಲಿ ಪರೀಕ್ಷೆಗೆ ಒಗ್ಗುವಂಥದನ್ನು ಆರಿಸಿ ಎರಿಮಣ್ಣಿಗೂ ಖಡಿಗೂ ನಡುವೆ ಸಾಕಷ್ಟು ದಪ್ಪ ಹಾಸಿದರೆ ಅರ್ಧ ಗೆದ್ದಂತೆ.

ಇನ್ನೊಂದು ದಾರಿ ಸುಣ್ಣ. ಎರಿಮಣ್ಣಿಗೆ ಅದರ ತೂಕದ ಶೇ 3ರಿಂದ 5ರಷ್ಟು ಸುಣ್ಣ ಕಲಸಿದರೆ ಸುಣ್ಣದ ಕ್ಯಾಲ್ಸಿಯಂ ಮಣ್ಣಿನ ಕಣಗಳಿಗೆ ಅಂಟಿಕೊಂಡು, ಜಿಗುಟು ಮಣ್ಣು ಕೆಲವೇ ದಿನಗಳಲ್ಲಿ ಪುಡಿಪುಡಿಯಾಗುತ್ತದೆ. ತಿಂಗಳುಗಳು ಕಳೆದಂತೆ ಗಟ್ಟಿಯಾಗುತ್ತ ಹೋಗುತ್ತದೆ. ಬಾಗಲಕೋಟೆ, ಲೋಕಾಪುರದ ಸುಣ್ಣದಕಲ್ಲಿನ ಪ್ರದೇಶ ಗದಗಿಗೆ ದೂರವಲ್ಲ. ಇದರಲ್ಲಿ ದುಬಾರಿ ಯಂತ್ರಕ್ಕಿಂತ ಹೆಚ್ಚಾಗಿ ಬೇಕಾದದ್ದು ಶಿಸ್ತು: ಸರಿಯಾಗಿ ಕಲಸುವುದು, ತೇವ ಕಾಯುವುದು, ಹದ ಬರುವವರೆಗೆ ವಾಹನ ಬಿಡದಿರುವುದು. ಉದ್ಘಾಟನೆಯ ದಿನ ಇದ್ಯಾವುದೂ ಕಣ್ಣಿಗೆ ಕಾಣುವುದಿಲ್ಲ. ಅಂದಾಜುಪಟ್ಟಿಯಲ್ಲಿ ಮೊದಲು ಕತ್ತರಿ ಬೀಳುವುದು ಹೀಗೆ ಕಾಣದ ಪದರಕ್ಕೆ.

ಮೇಲಿನ ಪದರಗಳ ಕಲ್ಲು ಎಲ್ಲಿಂದ ಬರುತ್ತದೆ ಎಂಬುದು ಈ ಜಿಲ್ಲೆಯಲ್ಲಿ ಬರೀ ದರದ ಮಾತಲ್ಲ. ಐದೂವರೆ ಮೀಟರ್ ಅಗಲದ ರಸ್ತೆಗೆ ಖಡಿ, ಗರಸು ಸೇರಿ 40 ಸೆಂ.ಮೀ. ದಪ್ಪ ಹಾಕಿದರೆ ಒಂದು ಕಿ.ಮೀ.ಗೆ 2,200 ಘನ ಮೀಟರ್ ಬೇಕು. ಹತ್ತು ಘನ ಮೀಟರ್ ಹಿಡಿಯುವ ಟಿಪ್ಪರ್ ಕನಿಷ್ಠ 220 ಸಲ ಓಡಾಡಬೇಕು, ಓಡಾಡುತ್ತ ದಾರಿಯ ಬೇರೆ ಊರುಗಳ ರಸ್ತೆಯನ್ನೂ ಕೆಡಿಸಬೇಕು. ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳಲ್ಲಿ ಚಾಚಿಕೊಂಡಿರುವ ಕಪ್ಪತಗುಡ್ಡಕ್ಕಾಗಿ ಇಲ್ಲಿನ ಜನ ಬಹಳ ಹೋರಾಡಿದ್ದಾರೆ. 2011ರಲ್ಲಿ ಹಳ್ಳಿಗುಡಿ ಬಳಿ ಪೋಸ್ಕೋ ಉಕ್ಕಿನ ಕಾರ್ಖಾನೆ ಬೇಡವೆಂದು ನಿಂತರು. ಗುಡ್ಡದ ಸಂರಕ್ಷಿತ ಸ್ಥಾನವನ್ನು ಸರ್ಕಾರ ಹಿಂಪಡೆದಾಗ ಬೀದಿಗಿಳಿದು ಮರಳಿ ಪಡೆದರು. 2019ರಲ್ಲಿ ಸುಮಾರು 244 ಚ.ಕಿ.ಮೀ. ಪ್ರದೇಶ ವನ್ಯಜೀವಿಧಾಮವಾಯಿತು. ಗುಡ್ಡ ಉಳಿಯಬೇಕು ಎನ್ನುವ ಜಿಲ್ಲೆ ನಾಲ್ಕು ವರ್ಷಕ್ಕೊಮ್ಮೆ ಹೊಸ ಖಡಿ ಬೇಡುವ ರಸ್ತೆಗಳನ್ನು ಕಟ್ಟುತ್ತ ಹೋಗುವುದು ತನ್ನ ಮಾತಿಗೆ ತಾನೇ ತಪ್ಪಿದಂತೆ.

ಹಳೆಯ ರಸ್ತೆಯಲ್ಲಿರುವ ಕಲ್ಲನ್ನೇ ಮತ್ತೆ ಬಳಸುವ ವಿದ್ಯೆ ಈಗ ಕೈಗೆಟಕುವಂತಿದೆ. ಉತ್ತರ ಪ್ರದೇಶದಲ್ಲಿ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಡಿ ಸಾವಿರಾರು ಕಿ.ಮೀ. ರಸ್ತೆಗೆ ಪೂರ್ಣ ಆಳದ ಮರುಬಳಕೆ ಪದ್ಧತಿಯನ್ನು ಕೈಗೆತ್ತಿಕೊಳ್ಳಲಾಗಿದೆ. ದೊಡ್ಡ ಯಂತ್ರವೊಂದು ಹಳೆಯ ಡಾಂಬರು, ಖಡಿ ಎರಡನ್ನೂ ಸೇರಿಸಿ ಕೊರೆದು, ಅದಕ್ಕೆ ಸಿಮೆಂಟು ಕಲಸಿ, ಅಲ್ಲೇ ಹಾಸಿ ರೋಲರಿಗೆ ಬಿಟ್ಟುಕೊಡುತ್ತದೆ. ಹೊಸ ಖಡಿ ಬೇಕಾಗುವುದು ಬಹಳ ಕಡಿಮೆ. ಹಳ್ಳಿಗಳಿಗೆ ಇನ್ನೊಂದು ಲಾಭವೂ ಇದೆ. ಪ್ರತಿ ಸಲ ಹಳೆಯದರ ಮೇಲೆಯೇ ಹೊಸ ಪದರ ಹಾಕುತ್ತ ಹೋದದ್ದರಿಂದ ಎಷ್ಟೋ ಊರುಗಳಲ್ಲಿ ರಸ್ತೆ ಮೇಲಾಗಿ ಮನೆಗಳ ಹೊಸ್ತಿಲು ಕೆಳಗಾಗಿದೆ. ಮಳೆನೀರು ಗಟಾರಕ್ಕೆ ಇಳಿಯುವ ಬದಲು ಪಡಸಾಲೆಗೆ ನುಗ್ಗುತ್ತದೆ. ಕೊರೆದು ಹಾಕುವ ರಸ್ತೆಯಲ್ಲಿ ಈ ಏರಿಕೆಯನ್ನು ತಡೆಯಬಹುದು.

ಪೂರ್ವಕ್ಕೆ, ಗದಗಿನ ಮೇಲೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 67ರ ದಾರಿಯಲ್ಲೇ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯೂ ಕುಡತಿನಿಯ ಉಷ್ಣ ವಿದ್ಯುತ್ ಸ್ಥಾವರವೂ ಇವೆ. ಮೊದಲನೆಯದು ಕಿಟ್ಟ ಕೊಡುತ್ತದೆ, ಎರಡನೆಯದು ಹಾರುಬೂದಿ. ಸೂರತ್‌ನ ಹಜೀರಾದಲ್ಲಿ ಕೇಂದ್ರೀಯ ರಸ್ತೆ ಸಂಶೋಧನಾ ಸಂಸ್ಥೆಯ ಮಾರ್ಗದರ್ಶನದಲ್ಲಿ ಕಟ್ಟಿದ ಉಕ್ಕಿನ ಕಿಟ್ಟದ ಒಂದು ಕಿ.ಮೀ. ರಸ್ತೆ 2022ರಿಂದ ಭಾರಿ ಲಾರಿಗಳನ್ನು ಹೊರುತ್ತಿದೆ. ಹಸಿ ಕಿಟ್ಟದೊಳಗಿನ ಸುಣ್ಣದ ಅಂಶ ನೀರು ಸೋಕಿದಾಗ ಹಿಗ್ಗುವುದರಿಂದ ಅದನ್ನು ಹದಗೊಳಿಸದೆ ಬಳಸಬಾರದು. ಹಾರುಬೂದಿಯ ವಿಷಯದಲ್ಲಿ, ಸ್ಥಾವರದಿಂದ 300 ಕಿ.ಮೀ. ಒಳಗಿನ ರಸ್ತೆ ಕಾಮಗಾರಿಗಳಲ್ಲಿ ಅದನ್ನು ಬಳಸುವ ನಿಯಮವನ್ನು ಕೇಂದ್ರ ಸರ್ಕಾರ 2016ರಲ್ಲೇ ತಂದಿದೆ. ಗದಗ ಜಿಲ್ಲೆ ಆ ಸುತ್ತಳತೆಯೊಳಗೆ ಬರುತ್ತದೆ.

ಪ್ಲಾಸ್ಟಿಕ್ ರಸ್ತೆಯ ಕಥೆಯಲ್ಲಿ ಕರ್ನಾಟಕಕ್ಕೆ ಹೆಮ್ಮೆಯ ಪಾಲಿದೆ. ಮದುರೈನ ಪ್ರೊ. ಆರ್. ವಾಸುದೇವನ್ ಈ ಕೆಲಸಕ್ಕೆ 2018ರಲ್ಲಿ ಪದ್ಮಶ್ರೀ ಪಡೆದರು. ಅವರ ಪ್ರಯೋಗದ ಕಾಲದಲ್ಲೇ, 2002ರ ಹೊತ್ತಿಗೆ, ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪ್ರೊ. ಸಿ.ಇ.ಜಿ. ಜಸ್ಟೊ ಮತ್ತು ಎ. ವೀರರಾಘವನ್ ಡಾಂಬರಿಗೆ ಪ್ಲಾಸ್ಟಿಕ್ ಚೀಲದ ಚೂರು ಸೇರಿಸಿ ಪರೀಕ್ಷಿಸಿದ್ದರು. ಇದೇ ಜಸ್ಟೊ, ಖನ್ನಾ ಜೊತೆ ಬರೆದ ಹೆದ್ದಾರಿ ಪಠ್ಯಪುಸ್ತಕ ಸಿವಿಲ್ ಓದಿದವರಿಗೆಲ್ಲ ಗೊತ್ತು. ಬಿಸಿ ಖಡಿಯ ಮೇಲೆ ಪ್ಲಾಸ್ಟಿಕ್ ಕರಗಿ ತೆಳು ಪೊರೆಯಾಗುವುದರಿಂದ ನೀರಿಗೆ ಡಾಂಬರು ಸುಲಭಕ್ಕೆ ಬಿಡುವುದಿಲ್ಲ. ಇದು ನಿಜವಾದ ಲಾಭ. ಆದರೆ ಲೆಕ್ಕ ಹಾಕಿ ನೋಡಬೇಕು. ಅದೇ ಐದೂವರೆ ಮೀಟರ್ ರಸ್ತೆಗೆ 3 ಸೆಂ.ಮೀ. ಡಾಂಬರು ಪದರ ಹಾಕಿದರೆ ಒಂದು ಕಿ.ಮೀ.ಗೆ ಸುಮಾರು 20 ಟನ್ ಡಾಂಬರು ಹಿಡಿಯುತ್ತದೆ. ಅದರ ಶೇ 8ರಷ್ಟು ಪ್ಲಾಸ್ಟಿಕ್ ಎಂದರೆ ಒಂದೂವರೆ ಟನ್ನಿನ ಆಸುಪಾಸು. ಅದು ಕೆಲಸ ಮಾಡುವುದು ಮೇಲಿನ 3 ಸೆಂ.ಮೀ.ನಲ್ಲಿ. ಅಂತೂರ ಬೆಂತೂರದಂಥ ನೆಲದಲ್ಲಿ ರೋಗ ಇರುವುದು ಎರಡಡಿ ಕೆಳಗೆ. ಮಣ್ಣು ಉಬ್ಬಿ ಹರಿದಾಗ ಪ್ಲಾಸ್ಟಿಕ್ ಪದರವೂ ಅದರೊಂದಿಗೇ ಹರಿಯುತ್ತದೆ, ಒಡೆದ ಚೂರು ಹೊಲ ಸೇರುತ್ತದೆ. ತಳ ಗಟ್ಟಿ ಮಾಡಿದ ರಸ್ತೆಗೆ ಪ್ಲಾಸ್ಟಿಕ್ ಒಳ್ಳೆಯ ಜೊತೆ. ತಳವನ್ನು ಮರೆಸುವ ಪ್ರಚಾರವಾದರೆ ಅದರಿಂದ ಹಾನಿಯೇ ಹೆಚ್ಚು.

ಸಸ್ಯಮೂಲದ ಅಂಟಿನ ಬಗ್ಗೆಯೂ ಇದೇ ಮಾತು. 2024ರ ಡಿಸೆಂಬರ್‌ನಲ್ಲಿ ನಾಗಪುರದ ಬಳಿ ಮನಸರ್ ಬೈಪಾಸಿನಲ್ಲಿ ಡಾಂಬರಿಗೆ ಶೇ 15ರಷ್ಟು ಲಿಗ್ನಿನ್ ಬೆರೆಸಿದ ಒಂದು ಕಿ.ಮೀ. ರಸ್ತೆ ಸಿದ್ಧವಾಯಿತು. ಲಿಗ್ನಿನ್ ಎಂದರೆ ಗಿಡದ ಕಾಂಡಕ್ಕೆ ಬಿರುಸು ಕೊಡುವ ಪದಾರ್ಥ. ಹತ್ತಿಕಟ್ಟಿಗೆಯನ್ನು ಹೊಲದಲ್ಲೇ ಸುಡುವ ಸೀಮೆಗೆ ಇದು ಆಸೆ ಹುಟ್ಟಿಸುವ ಸುದ್ದಿ. ಹತ್ತಿಗೂ ರಸ್ತೆಗೂ ನಂಟು ಹಳೆಯದು. ಅಮೆರಿಕದ ದಕ್ಷಿಣ ಕ್ಯಾರೊಲಿನಾ ರಾಜ್ಯದ ಹೆದ್ದಾರಿ ಇಲಾಖೆ 1926ರಲ್ಲೇ ರಸ್ತೆಯ ಮೇಲೆ ದಪ್ಪ ಹತ್ತಿಬಟ್ಟೆ ಹಾಸಿ, ಬಿಸಿ ಡಾಂಬರು ಹೊಯ್ದು, ಮೇಲೆ ಮರಳು ಹರಡಿ ನೋಡಿತ್ತು. ಬಟ್ಟೆ ಕೊಳೆಯುವವರೆಗೆ ಅಲ್ಲಿ ಬಿರುಕು, ಕಿತ್ತುಹೋಗುವಿಕೆ ಕಡಿಮೆ ಇದ್ದವು. ಇಂದಿನ ಜಿಯೋಟೆಕ್ಸ್‌ಟೈಲ್‌ಗಳ ಪೂರ್ವಜ ಅದೇ. ಗದಗ, ಧಾರವಾಡದ ಹತ್ತಿ ಒಂದು ಕಾಲಕ್ಕೆ ಚಕ್ಕಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಬಂದರಿನ ಹೆಸರೇ ಹತ್ತಿಗೆ ಅಂಟಿ ‘ಕುಮಟಾ ಹತ್ತಿ’ ಆಯಿತು. ಹತ್ತಿಗೆ ಹೆಸರಾದ ಈ ಎರಿ ನೆಲದಲ್ಲಿ ನಾರಿನ ಬಟ್ಟೆ ಹಾಸಿದ ನೂರು ಮೀಟರ್ ಪ್ರಯೋಗ ರಸ್ತೆಯನ್ನಾದರೂ ಕಟ್ಟಿ ಹತ್ತು ವರ್ಷ ಅಳೆಯುವುದು ಕಷ್ಟದ ಕೆಲಸವಲ್ಲ.

ಸಿಮೆಂಟು ರಸ್ತೆಯೇ ಉತ್ತರ ಎನ್ನುವವರಿದ್ದಾರೆ. ಊರೊಳಗೆ, ಬಚ್ಚಲು ನೀರು ಹರಿಯುವ ಓಣಿಗಳಲ್ಲಿ, ಅವರ ಮಾತು ಸರಿ. ನೀರಿಗೆ ಡಾಂಬರಿಗಿಂತ ಕಾಂಕ್ರೀಟು ಹೆಚ್ಚು ತಡೆಯುತ್ತದೆ. ಆದರೆ ಉಬ್ಬುವ ನೆಲದ ಮೇಲೆ ನೇರವಾಗಿ ಹಾಕಿದ ಕಾಂಕ್ರೀಟು ಹಲಗೆ ಒಮ್ಮೆ ಬಿರಿದರೆ ತೇಪೆಗೆ ಒಗ್ಗುವುದಿಲ್ಲ. ಅಲ್ಲಿಯೂ ತಳವೇ ಮೊದಲು.

ಭಾರದ ವಿಷಯ ಬಂದರೆ ಈ ಭಾಗದವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಅದಿರಿನ ಹುಚ್ಚು ಏರಿದ್ದ ವರ್ಷಗಳಲ್ಲಿ ಸಂಡೂರು, ಹೊಸಪೇಟೆ ಕಡೆಯಿಂದ ಹೊರಟ ಲಾರಿಗಳ ಸಾಲು ಆಗಿನ ರಾಷ್ಟ್ರೀಯ ಹೆದ್ದಾರಿ 63ರ ಮೇಲೆ ಗದಗ, ಹುಬ್ಬಳ್ಳಿ ದಾಟಿ ಕಾರವಾರ, ಬೇಲೆಕೇರಿ ಬಂದರುಗಳಿಗೆ ಸಾಗುತ್ತಿತ್ತು. ಮಿತಿಮೀರಿ ಅದಿರು ಹೇರುತ್ತಿದ್ದುದನ್ನು ಲೋಕಾಯುಕ್ತ ವರದಿ ದಾಖಲಿಸಿದೆ. 2010ರಲ್ಲಿ ರಫ್ತು ನಿಷೇಧವಾಗುವವರೆಗೆ ಆ ದಾರಿಯಲ್ಲಿ ಓಡಾಡಿದವರಿಗೆ ಭಾರ ರಸ್ತೆಯನ್ನು ಏನು ಮಾಡುತ್ತದೆಂದು ಗೊತ್ತು. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ಪ್ರಯೋಗ ರಸ್ತೆಗಳ ಮೇಲೆ ಲಾರಿಗಳನ್ನು ಬಿಡದೆ ಓಡಿಸಿ ಕಂಡುಕೊಂಡ ನಿಯಮದ ಪ್ರಕಾರ, ಅಚ್ಚಿನ ಮೇಲಿನ ಭಾರ ಇಮ್ಮಡಿಯಾದರೆ ರಸ್ತೆಗೆ ಆಗುವ ಹಾನಿ ಹದಿನಾರು ಪಟ್ಟು. ಭಾರತದಲ್ಲಿ 2018ರಲ್ಲಿ ನಾಲ್ಕು ಚಕ್ರದ ಒಂಟಿ ಅಚ್ಚಿನ ಮಿತಿ 10.2 ಟನ್‌ನಿಂದ 11.5 ಟನ್‌ಗೆ ಏರಿತು. ಏರಿದ್ದು ಶೇ 13ರಷ್ಟು. ಆ ನಿಯಮದಂತೆ ಹಾನಿ ಏರುವುದು ಶೇ 60ರಷ್ಟು. ಆ ಏರಿಕೆಗೆ ತಕ್ಕಂತೆ ಹಳೆಯ ರಸ್ತೆಗಳ ತಳ ದಪ್ಪವಾಗಲಿಲ್ಲ.

ಇಷ್ಟೆಲ್ಲ ಸರಿಮಾಡಿದರೂ ಉಳಿಯುವುದು ನಿರ್ವಹಣೆ. ಈ ಸೀಮೆಯ ಹಳೆಯ ಮಣ್ಣಿನ ಮಾಳಿಗೆ ಮನೆಗಳನ್ನು ನೆನೆಯಬೇಕು. ಮುಂಗಾರಿಗೆ ಮುನ್ನ ಮನೆಯವರು ಮಾಳಿಗೆ ಹತ್ತಿ, ಬಿರುಕು ಹುಡುಕಿ ಮಣ್ಣು ಮೆತ್ತಿ, ದೋಣಿಯಲ್ಲಿ ತುಂಬಿದ ಕಸ ತೆಗೆದು ನೀರಿಗೆ ದಾರಿ ಬಿಡುತ್ತಿದ್ದರು. ಮನೆ ತಲೆಮಾರುಗಟ್ಟಲೆ ನಿಂತದ್ದು ಆ ಎರಡು ದಿನದ ಕೆಲಸದಿಂದ. ಲೋಕೋಪಯೋಗಿ ಇಲಾಖೆಯ ಗ್ಯಾಂಗ್‌ಮನ್‌ಗಳು ರಸ್ತೆಗೆ ಮಾಡುತ್ತಿದ್ದದ್ದೂ ಅದನ್ನೇ. ಸಲಿಕೆ, ಬುಟ್ಟಿ ಹಿಡಿದು ತಮ್ಮ ಪಾಲಿನ ಮೈಲಿಗಳನ್ನು ನಡೆದೇ ನೋಡುತ್ತಿದ್ದರು. ಗಟಾರದ ಹೂಳು ತೆಗೆಯುತ್ತಿದ್ದರು, ಮೋರಿಯ ಬಾಯಿ ಬಿಡಿಸುತ್ತಿದ್ದರು, ಬದಿಯ ಗರಸು ಸಮ ಮಾಡುತ್ತಿದ್ದರು. ಅವರ ಜಾಗ ಖಾಲಿಯಾದಂತೆ ಹೊಸಬರು ಬರಲಿಲ್ಲ.

ಒಂದು ತಗ್ಗು ಮುಚ್ಚುವ ಕ್ರಮವೇ ಸಾಕು ವ್ಯತ್ಯಾಸ ತಿಳಿಯಲು. ತಗ್ಗಿನ ಸುತ್ತ ಗಟ್ಟಿ ಭಾಗ ಸಿಗುವವರೆಗೆ ಚೌಕಾಕಾರವಾಗಿ, ಅಂಚು ನೆಟ್ಟಗೆ ಇರುವಂತೆ ಕತ್ತರಿಸಬೇಕು. ಒಳಗಿನ ಧೂಳು, ನೀರು ಪೂರ್ತಿ ತೆಗೆಯಬೇಕು. ತಳಕ್ಕೂ ಗೋಡೆಗೂ ತೆಳುವಾಗಿ ಡಾಂಬರು ಬಳಿದು, ಮಿಶ್ರಣ ತುಂಬಿ, ರಸ್ತೆಯ ಮಟ್ಟಕ್ಕಿಂತ ತುಸು ಎತ್ತರ ಉಳಿಯುವಂತೆ ದಮ್ಮಸ್ಸು ಮಾಡಬೇಕು. ತಾಸಿನ ಕೆಲಸ. ಇದರ ಬದಲು ನೀರು ತುಂಬಿದ ತಗ್ಗಿಗೇ ಗರಸು ಸುರಿದು ಸಲಿಕೆಯಿಂದ ತಟ್ಟಿ ಹೋದರೆ ಎರಡನೇ ಮಳೆಗೆ ತಗ್ಗು ಮೊದಲಿಗಿಂತ ದೊಡ್ಡದಾಗಿರುತ್ತದೆ. ಬೇಸಿಗೆಯ ಆ ಬೆರಳಗಲದ ಬಿರುಕಿಗೆ ರೋಹಿಣಿ ಮಳೆಯ ಮೊದಲು ಡಾಂಬರಿನ ಎಮಲ್ಷನ್ ಮತ್ತು ಮರಳು ತುಂಬಿದ್ದರೆ ಎಷ್ಟೋ ತಗ್ಗುಗಳು ಹುಟ್ಟುತ್ತಲೇ ಇರಲಿಲ್ಲ.

ದುಡ್ಡೆಲ್ಲಿದೆ ಎಂಬ ಪ್ರಶ್ನೆ ಸಹಜ. ವಿಶ್ವಬ್ಯಾಂಕ್ 1988ರಲ್ಲಿ 85 ದೇಶಗಳ ರಸ್ತೆಗಳನ್ನು ಅಧ್ಯಯನ ಮಾಡಿ ಕೊಟ್ಟ ವರದಿ ಇದಕ್ಕೆ ಉತ್ತರ ಹೇಳಿದೆ: ಸಕಾಲಕ್ಕೆ 12 ಶತಕೋಟಿ ಡಾಲರ್ ನಿರ್ವಹಣೆಗೆ ಹಾಕಿದ್ದರೆ ಮರುನಿರ್ಮಾಣದ 45 ಶತಕೋಟಿ ಡಾಲರ್ ಉಳಿಯುತ್ತಿತ್ತು. ಬೇಕಾದ ದುಡ್ಡು ಈಗಾಗಲೇ ಖರ್ಚಾಗುತ್ತಿದೆ, ತಡವಾಗಿ ಮತ್ತು ನಾಲ್ಕು ಪಟ್ಟು. ಪುಣೆಯ ಜಂಗಲಿ ಮಹಾರಾಜ ರಸ್ತೆಯನ್ನು 1976ರಲ್ಲಿ ರೆಕೊಂಡೊ ಎಂಬ ಕಂಪನಿ ಹತ್ತು ವರ್ಷದ ಖಾತ್ರಿ ಬರೆದುಕೊಟ್ಟು ಕಟ್ಟಿತು. ಅದು ಮೂರು ದಶಕ ದಾಟಿಯೂ ತಗ್ಗು ಕಾಣದ ರಸ್ತೆ ಎಂದು ಹೆಸರಾಯಿತು. ಹತ್ತು ವರ್ಷ ತಾನೇ ಹೊಣೆ ಎಂದು ಗೊತ್ತಿದ್ದ ಗುತ್ತಿಗೆದಾರ ಮಳೆನೀರಿನ ದಾರಿಯನ್ನು ಮೊದಲ ದಿನವೇ ಯೋಚಿಸುತ್ತಾನೆ.

ಅಂಥ ಹೊಣೆಯನ್ನು ನಿಯಮವಾಗಿಸುವ ದಾರಿಗಳು ದೇಶದಲ್ಲೇ ಇವೆ. ಪಂಜಾಬಿನ ಸಂಗ್ರೂರು, ಮಾನಸಾ, ಬಠಿಂಡಾ ಭಾಗದಲ್ಲಿ ಸುಮಾರು 200 ಕಿ.ಮೀ. ರಸ್ತೆಯನ್ನು ಹತ್ತು ವರ್ಷದ ಒಪ್ಪಂದಕ್ಕೆ ಕೊಡಲಾಯಿತು. ರಸ್ತೆ ಎಷ್ಟು ನಯವಾಗಿ ಉಳಿದಿದೆ ಎಂಬುದರ ಮೇಲೆ ಹಣ ಸಂದಾಯ. ಗ್ರಾಮ ಸಡಕ್ ಯೋಜನೆಯ ರಸ್ತೆಗಳಿಗೆ ಐದು ವರ್ಷದ ನಿರ್ವಹಣೆ ಗುತ್ತಿಗೆಯಲ್ಲೇ ಸೇರಿದೆ. ಇ-ಮಾರ್ಗ್ ಎಂಬ ವ್ಯವಸ್ಥೆಯಲ್ಲಿ ಎಂಜಿನಿಯರ್ ಸ್ಥಳಕ್ಕೆ ಹೋಗಿ ರಸ್ತೆಯ ಸ್ಥಿತಿಯ ಫೋಟೊ ಸಹಿತ ವರದಿ ಹಾಕಿದ ಮೇಲೆ ಬಿಲ್ಲು ಪಾಸಾಗುತ್ತದೆ. ರಾಜ್ಯದ ಜಿಲ್ಲಾ ರಸ್ತೆಗಳಿಗೂ, ಎರಿ ನೆಲದಲ್ಲಿ ಹಾದುಹೋಗುವ ಹೆದ್ದಾರಿಗಳಿಗೂ ಈ ಪದ್ಧತಿಯನ್ನು ಹತ್ತು ವರ್ಷಕ್ಕೆ ವಿಸ್ತರಿಸಬೇಕು. ಆಗ ಪ್ಲಾಸ್ಟಿಕ್ ಸೇರಿಸಬೇಕೋ, ಸುಣ್ಣ ಕಲಸಬೇಕೋ, ಕಿಟ್ಟ ತರಬೇಕೋ ಎಂಬ ಪ್ರಶ್ನೆಗೆ ಭಾಷಣದಲ್ಲಿ ಉತ್ತರ ಹುಡುಕಬೇಕಾಗುವುದಿಲ್ಲ. ಬಾಳುವ ವಸ್ತುವನ್ನು ಗುತ್ತಿಗೆದಾರನೇ ಹುಡುಕಿಕೊಂಡು ಹೋಗುತ್ತಾನೆ.

ಊರಿನವರ ಪಾಲೂ ಇದೆ. ಹೊಲಕ್ಕೆ ಟ್ರ್ಯಾಕ್ಟರ್ ಇಳಿಸಲು ರಸ್ತೆಬದಿಯ ಗಟಾರಕ್ಕೆ ಮಣ್ಣು ತುಂಬುವವರು ಕೆಳಗೊಂದು ಪೈಪು ಇಡುವುದಿಲ್ಲ. ಕೆಲವರು ಒಂದು ಸಾಲು ಹೆಚ್ಚಿಗೆ ಸಿಗಲೆಂದು ಗಟಾರವನ್ನೇ ರಂಟೆ ಹೊಡೆದು ಹೊಲಕ್ಕೆ ಸೇರಿಸುತ್ತಾರೆ. ತಮ್ಮ ಹೊಲದ ಒಡ್ಡು ಒಡೆದರೆ ಅದೇ ದಿನ ಕಟ್ಟುವ ರೈತನಿಗೆ ಒಡ್ಡಿನಾಚೆಯ ಈ ನೀರು ಎಲ್ಲಿಗೆ ಹೋಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಕಾಮಗಾರಿ ಮುಗಿದ ಮೇಲೆ ರಸ್ತೆಬದಿಗೆ ಒಂದು ಫಲಕ ನಿಲ್ಲುತ್ತದೆ. ಯೋಜನೆಯ ಹೆಸರು, ಉದ್ದ, ಮೊತ್ತ, ಗುತ್ತಿಗೆದಾರನ ಹೆಸರು ಅದರಲ್ಲಿರುತ್ತವೆ. ಅದಕ್ಕೆ ಮೂರು ಸಾಲು ಸೇರಲಿ: ಈ ರಸ್ತೆ ಯಾವ ವರ್ಷದವರೆಗೆ ಬಾಳಬೇಕು, ಅಲ್ಲಿಯವರೆಗೆ ಯಾರು ಹೊಣೆ, ಗಟಾರವನ್ನೂ ಬಿರುಕುಗಳನ್ನೂ ಕೊನೆಯ ಸಲ ನೋಡಿದ ತಾರೀಖು ಯಾವುದು. ಕೊನೆಯ ಸಾಲನ್ನು ಪ್ರತಿ ವರ್ಷ ಮೇ ತಿಂಗಳಲ್ಲಿ, ಹೆಸರು ಬಿತ್ತನೆಗೆ ಹೊಲ ಹರಗುವ ಹೊತ್ತಿಗೆ, ಅಳಿಸಿ ಹೊಸದಾಗಿ ಬರೆಯಬೇಕು. ಅಂತೂರ ಬೆಂತೂರದ ಶಾಲೆಗೆ ನಡೆದುಹೋಗುವ ಹುಡುಗರೂ ಅದನ್ನು ಓದಬಲ್ಲರು, ತಾರೀಖು ಹಳೆಯದಾಗಿದ್ದರೆ ಗ್ರಾಮಸಭೆಯಲ್ಲಿ ಅವರ ಮನೆಯವರು ಎದ್ದು ನಿಂತು ಕೇಳಬಲ್ಲರು.